ಖಬರಸ್ತಾನದ ಗೋಡೆ ಮತ್ತು ಉಳಿದ ಹದಿನೇಳು ಕೆಲಸ

ನಮ್ಮ ಊರಿನ ಖಬರಸ್ತಾನಕ್ಕೆ ಇದುವರೆಗೆ ನಾಲ್ಕು ಸಲ ಕಾಂಪೌಂಡ್ ಗೋಡೆ ಮಂಜೂರಾಗಿದೆ. ನಾಲ್ಕು ಸಲವೂ ನಗರಸಭೆ ಚುನಾವಣೆಯ ಮುಂಚೆ. ಮೊದಲ ಸಲ ರಸ್ತೆ ಕಡೆಯ ಗೋಡೆ ಎದ್ದಿತು. ಎರಡನೆಯ ಸಲ ಅದಕ್ಕೆ ಸುಣ್ಣ ಬಳಿದರು. ಮೂರನೆಯ ಸಲ ಗೇಟು ಇಟ್ಟರು. ನಾಲ್ಕನೆಯ ಸಲ ಗೇಟಿಗೆ ಹಸಿರು ಬಣ್ಣ ಹೊಡೆದು ಮೇಲೆ ಸದಸ್ಯರ ಹೆಸರು ಬರೆಸಿದರು. ಉಳಿದ ಮೂರು ದಿಕ್ಕಿಗೆ ಇವತ್ತಿಗೂ ಗೋಡೆಯಿಲ್ಲ. ಗೇಟಿಗೆ ದಿನಾ ಸಂಜೆ ಬೀಗ ಬೀಳುತ್ತದೆ. ಮೇಕೆಗಳು ಹಿಂದಿನಿಂದ ಬಂದು ಮೇಯ್ದುಕೊಂಡು ಹೋಗುತ್ತವೆ.

ಆ ಗೇಟಿಗೆ ಹೋಗುವ ಗಲ್ಲಿಯಲ್ಲಿ ಒಂದು ಚರಂಡಿ ಇದೆ. ಇದೆ ಎನ್ನುವುದಕ್ಕಿಂತ ಗಲ್ಲಿಯೇ ಚರಂಡಿ ಎನ್ನುವುದು ಸರಿ. ಮಳೆಗಾಲದಲ್ಲಿ ಜನಾಜಾ ಹೊತ್ತವರು ಪಾಯಿಜಾಮ ಮೊಣಕಾಲಿಗೆ ಮಡಚಿಕೊಂಡು, ಕೊಳಚೆಯಲ್ಲಿ ಕಾಲು ಜಾರದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆಯುತ್ತಾರೆ. ಹಾಗೆ ನಡೆದವರಲ್ಲಿ ನಾವೂ ಇದ್ದೇವೆ. ನಾಲ್ಕು ಚುನಾವಣೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇವೆ. ಆ ಚರಂಡಿಯ ಹೆಸರು ಒಂದರಲ್ಲೂ ಬಂದಿಲ್ಲ. ಯಾಕೆ ಬಂದಿಲ್ಲ? ಅಭ್ಯರ್ಥಿ ಮರೆತಿದ್ದಕ್ಕಲ್ಲ. ನಾವು ಕೇಳಲಿಲ್ಲ, ಅದಕ್ಕೆ.

ನಮ್ಮ ಸಣ್ಣ ಊರುಗಳಲ್ಲಿ ನಡೆಯುವ ನಗರಸಭೆ ಚುನಾವಣೆಯ ಪ್ರಚಾರದಲ್ಲಿ ನಗರಸಭೆಯೊಂದು ಬಿಟ್ಟು ಬೇರೆಲ್ಲವೂ ಇರುತ್ತದೆ. ಆಟೋಗೆ ಮೈಕು ಕಟ್ಟಿ, ಸಿನಿಮಾ ಹಾಡಿನ ಧಾಟಿಯಲ್ಲಿ ಅಭ್ಯರ್ಥಿಯ ಹೆಸರು ಹಾಡಿಸುತ್ತಾರೆ. ಫ್ಲೆಕ್ಸಿನಲ್ಲಿ ದೆಹಲಿಯ ನಾಯಕರು, ಬೆಂಗಳೂರಿನ ನಾಯಕರು, ಜಿಲ್ಲೆಯ ನಾಯಕರು ಸಾಲಾಗಿ ನಿಂತಿರುತ್ತಾರೆ. ಅಭ್ಯರ್ಥಿ ಕೆಳಗೆ ಒಂದು ಮೂಲೆಯಲ್ಲಿ ಕೈಮುಗಿದಿರುತ್ತಾನೆ. ಪಾಕಿಸ್ತಾನ ಬರುತ್ತದೆ, ಟಿಪ್ಪು ಸುಲ್ತಾನ್ ಬರುತ್ತಾನೆ, ಹಿಜಾಬು ಬರುತ್ತದೆ, ದನ ಬರುತ್ತದೆ. ರಸ್ತೆಯ ಆ ಕಡೆಯ ವಾರ್ಡಿನಲ್ಲಿ 'ಅವರನ್ನು ತಡೆಯಬೇಕಾದರೆ ನಮಗೆ ಕೊಡಿ' ಎನ್ನುತ್ತಾರೆ. ಈ ಕಡೆಯ ವಾರ್ಡಿನಲ್ಲಿ 'ಅವರು ಬಂದುಬಿಡುತ್ತಾರೆ, ನಮಗೆ ಕೊಡಿ' ಎನ್ನುತ್ತಾರೆ. ಎರಡೂ ವಾರ್ಡಿನ ಚರಂಡಿ ಮಾತ್ರ ಒಂದೇ. ಆ ಕಡೆ ಕಟ್ಟಿಕೊಂಡರೆ ಈ ಕಡೆ ನೀರು ನುಗ್ಗುತ್ತದೆ. ಸೊಳ್ಳೆಗಳು ಯಾವ ಕಡೆಗೂ ಗುರುತಿನ ಚೀಟಿ ಕೇಳುವುದಿಲ್ಲ.

ನಗರಸಭೆಯ ಕೆಲಸ ಯಾವುದು ಎಂಬುದು ಗುಟ್ಟಿನ ವಿಷಯವೇನಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಹನ್ನೆರಡನೆಯ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಿದೆ. ಕುಡಿಯುವ ನೀರು ಇದೆ. ನೈರ್ಮಲ್ಯ ಮತ್ತು ಕಸ ವಿಲೇವಾರಿ ಇದೆ. ರಸ್ತೆ, ಸೇತುವೆ, ಕೊಳೆಗೇರಿಗಳ ಸುಧಾರಣೆ, ನಗರದ ಬಡತನ ನಿವಾರಣೆ, ಪಾರ್ಕು ಮತ್ತು ಆಟದ ಮೈದಾನ, ಬೀದಿದೀಪ, ಬಸ್ ನಿಲ್ದಾಣ, ಜನನ ಮರಣ ನೋಂದಣಿ, ಕಸಾಯಿಖಾನೆಯ ನಿಯಂತ್ರಣ ಎಲ್ಲವೂ ಇವೆ. ಆ ಪಟ್ಟಿಯ 14ನೆಯ ಕೆಲಸ ಸ್ಮಶಾನ ಮತ್ತು ದಫನಭೂಮಿ. ಆದ್ದರಿಂದ ಖಬರಸ್ತಾನದ ಗೋಡೆ ಕೇಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕೇಳಲು ಹಕ್ಕಿದೆ. ನಮ್ಮ ಪ್ರಶ್ನೆ ಬೇರೆ. ಉಳಿದ 17 ಕೆಲಸಗಳು ಎಲ್ಲಿ ಹೋದವು? ಬದುಕಿರುವವರ ವಾರ್ಡಿನಲ್ಲಿ ಮತ ಕೇಳಲು ಬಂದವನು ಸತ್ತವರ ಕೆಲಸವೊಂದನ್ನೇ ಮಾತನಾಡಿ ಹೋಗುತ್ತಾನೆ. ನಾವು ಹಾರ ಹಾಕಿ ಕಳಿಸುತ್ತೇವೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚುನಾವಣೆಗೆ ಎಂಟು ಹತ್ತು ದಿನ ಇರುವಾಗ, ಇಶಾ ನಮಾಝಿನ ನಂತರ ಮೊಹಲ್ಲಾದ ನಾಲ್ಕಾರು ಹಿರಿಯರು ಒಬ್ಬರ ಮನೆಯ ವರಾಂಡದಲ್ಲಿ ಸೇರುತ್ತಾರೆ. ಅಭ್ಯರ್ಥಿ ಬರುತ್ತಾನೆ. 'ಚಾಚಾ, ನಿಮ್ಮ ಮಾತಿನ ಮೇಲೆ ನಾನು ನಿಂತಿದ್ದೇನೆ' ಎನ್ನುತ್ತಾನೆ. ಚಹಾ ಬರುತ್ತದೆ. ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, 'ನಮಗೆ ಸ್ವಂತಕ್ಕೆ ಏನೂ ಬೇಡಪ್ಪಾ, ಜಮಾತಿಗೆ ಏನಾದರೂ ಮಾಡು' ಎನ್ನುತ್ತಾರೆ. ಆ 'ಏನಾದರೂ' ಎಂಬುದು ಯಾವಾಗಲೂ ಶಾದಿ ಮಹಲಿನ ದೇಗು, ಶಾಮಿಯಾನ, ಕುರ್ಚಿ, ಇಲ್ಲವೆ ಖಬರಸ್ತಾನದ ಗೋಡೆ. ಮಾತು ಮುಗಿಯುತ್ತದೆ. ಮರುದಿನ ಬೆಳಗ್ಗೆ ಮೊಹಲ್ಲಾದ ಎಂಟುನೂರು ಒಂಬೈನೂರು ವೋಟು 'ತೀರ್ಮಾನ'ವಾಗಿದೆ ಎಂಬ ಸುದ್ದಿ ಹಾಲಿನವನ ಜೊತೆ ಮನೆ ಮನೆಗೆ ಬರುತ್ತದೆ.

ಆ ವರಾಂಡದಲ್ಲಿ ಒಬ್ಬ ಹೆಂಗಸೂ ಇರುವುದಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನಲ್ಲಿ ನೀರಿಗೆ ರಾತ್ರಿ ಎರಡು ಗಂಟೆಗೆ ಎದ್ದು ಕೊಡ ಸಾಲಿಡುವವಳು ಆಕೆ. ಬೀಡಿ ಕಟ್ಟಿದ ಬೆರಳಿನಲ್ಲೇ ಚರಂಡಿಯ ಹೂಳು ಬಾಚಿ ಹೊಸ್ತಿಲಿನ ಪಕ್ಕಕ್ಕೆ ಹಾಕುವವಳೂ ಆಕೆಯೇ. 18ರಲ್ಲಿ ಯಾವ ಕೆಲಸ ಆಗಿಲ್ಲ ಎಂಬುದು ಆಕೆಗೆ ಗೊತ್ತು. ಆದರೆ ಆಕೆಯ ವೋಟನ್ನು ಚಹಾ ಕುಡಿದ ಹಿರಿಯರು ಕೊಟ್ಟುಬಿಟ್ಟಿರುತ್ತಾರೆ. ಮತ ಎಂಬುದು ಒಂದು ಶಹಾದತ್, ಒಂದು ಸಾಕ್ಷಿ ಎಂದು ನಮ್ಮ ಉಲೇಮಾಗಳೇ ಹೇಳಿಕೊಟ್ಟಿದ್ದಾರೆ. ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರು ಹೇಳುವ ಪದ್ಧತಿ ಯಾವ ನ್ಯಾಯಾಲಯದಲ್ಲಿದೆ?

ಇಲ್ಲಿಗೆ ಬರುವಷ್ಟರಲ್ಲಿ ಕೆಲವರು ನಮ್ಮನ್ನು ತಡೆಯುತ್ತಾರೆ ಎಂದು ಗೊತ್ತು. 'ಚರಂಡಿ ಗಿರಂಡಿ ಎಲ್ಲ ಆಮೇಲೆ. ಮೊದಲು ಜೀವ ಉಳಿಯಬೇಕಲ್ಲ. ರಾತ್ರಿ ಹನ್ನೆರಡು ಗಂಟೆಗೆ ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದರೆ ಬರುವವನು ಬೇಕು' ಎನ್ನುತ್ತಾರೆ. ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಭಯ ನಿಜ; ನಮ್ಮ ಮನೆಯಲ್ಲೂ ಅದು ಇದೆ. ಆದರೆ ಆ ಭಯವನ್ನೇ ಬಂಡವಾಳ ಮಾಡಿಕೊಂಡವರು ಇಬ್ಬರಿದ್ದಾರೆ. ಭಯ ಹುಟ್ಟಿಸುವವನು ಒಬ್ಬ. ಆ ಭಯವನ್ನು ತೋರಿಸಿಯೇ ಪ್ರತಿ ಸಲ ಗೆದ್ದು, ಗೆದ್ದ ಮೇಲೆ ಸಾಮಾನ್ಯ ಸಭೆಯಲ್ಲಿ ಬಾಯಿ ಬಿಡದೆ ಕೂರುವವನು ಇನ್ನೊಬ್ಬ. ಠಾಣೆಗೆ ಬರುವುದು ಒಳ್ಳೆಯ ನೆರೆಯವನ ಕೆಲಸ, ಒಳ್ಳೆಯ ವಕೀಲನ ಕೆಲಸ. ಅದಕ್ಕಾಗಿ ಐದು ವರ್ಷದ ನೀರು, ಬೀದಿದೀಪ, ಖಾತೆ, ಚರಂಡಿ ಎಲ್ಲವನ್ನೂ ಒತ್ತೆಯಿಡಬೇಕೆಂದು ಯಾರು ಹೇಳಿದರು? ಭಯದಲ್ಲಿರುವ ಮೊಹಲ್ಲಾಕ್ಕೆ ಬೀದಿದೀಪ ಇನ್ನೂ ಹೆಚ್ಚು ಬೇಕಲ್ಲವೇ?

ಹಣದ ಮಾತನ್ನೂ ಹೇಳಿಬಿಡೋಣ. ಮತದಾನದ ಹಿಂದಿನ ರಾತ್ರಿ ಕವರು ಬರುತ್ತದೆ, ಎಲ್ಲ ಜಾತಿಯ ಎಲ್ಲ ಗಲ್ಲಿಗೂ ಬರುತ್ತದೆ. ದಿನದ ಕೂಲಿಯ ಮೇಲೆ ಬದುಕುವವನು ಅದನ್ನು ತೆಗೆದುಕೊಂಡರೆ ಅವನಿಗೆ ಪ್ರವಚನ ಕೊಡಲು ನಮಗೆ ಮನಸ್ಸಿಲ್ಲ. ಆದರೆ ಲೆಕ್ಕ ಅವನೇ ಹಾಕಲಿ. ನಲ್ಲಿ ನೀರು ಬಾರದ್ದಕ್ಕೆ ವರ್ಷಕ್ಕೆ ಎಷ್ಟು ಟ್ಯಾಂಕರಿಗೆ ದುಡ್ಡು ಕೊಟ್ಟ? ಖಾತೆ ಬದಲಾವಣೆಗೆ ಎಷ್ಟು ದಿನದ ಕೂಲಿ ಬಿಟ್ಟು ಕಚೇರಿ ಅಲೆದ? ಡೆಂಗೆ ಬಂದ ಮಗುವಿನ ಆಸ್ಪತ್ರೆಯ ಬಿಲ್ಲು ಎಷ್ಟಾಯಿತು? ಒಂದು ಕವರು ತೆಗೆದುಕೊಂಡು ಐದು ವರ್ಷ ಹತ್ತು ಕವರು ತುಂಬಿ ಕೊಡುತ್ತಿದ್ದೇವೆ.

ಮಹಿಳಾ ಮೀಸಲಾತಿಯನ್ನು ನಾವು ಏನು ಮಾಡಿದೆವು ಎಂಬುದಕ್ಕೂ ಒಂದು ಉದಾಹರಣೆ ನಮ್ಮ ವಾರ್ಡಿನಲ್ಲೇ ಇದೆ. ಸಂವಿಧಾನ ಮೂರನೆಯ ಒಂದು ಭಾಗ ಕೊಟ್ಟಿತು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ನಮ್ಮ ವಾರ್ಡು 'ಹಿಂದುಳಿದ ವರ್ಗ ಎ, ಮಹಿಳೆ' ಎಂದಾದ ವರ್ಷ, ಹಿಂದಿನ ಸದಸ್ಯರು ತಮ್ಮ ಪತ್ನಿಯನ್ನು ನಿಲ್ಲಿಸಿದರು. ಕರಪತ್ರದಲ್ಲಿ ಆಕೆಯ ಹೆಸರಿತ್ತು, ಚಿತ್ರ ಗಂಡನದ್ದು. ಪ್ರಚಾರದ ಹದಿನೈದು ದಿನದಲ್ಲಿ ಆಕೆಯ ಧ್ವನಿಯನ್ನು ಯಾರೂ ಕೇಳಲಿಲ್ಲ. ಆಕೆ ಗೆದ್ದರು. ಹೂವಿನ ಹಾರ ಬಿದ್ದದ್ದು ಗಂಡನ ಕೊರಳಿಗೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ದಿನ ಆಕೆಯ ಮಗಳು ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸಾಮಾನ್ಯ ಸಭೆಯ ಸೂಚನಾ ಪತ್ರ. 'ಅಮ್ಮೀಗೆ ಇದನ್ನು ಓದಿ ಹೇಳಬೇಕಂತೆ. ಅಬ್ಬಾ ಸಹಿ ಮಾಡು ಸಾಕು ಅಂತಾರೆ. ಅಮ್ಮೀ ಓದದೆ ಮಾಡಲ್ಲ ಅಂತಾರೆ' ಎಂದಳು. ತಾಯಿ ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯ ತರಗತಿ. ನಾವೂ ಅದೇ ಶಾಲೆಯಲ್ಲಿ ಅಲಿಫ್ ಬೇ ಕಲಿತವರು. ಆಮೇಲೆ ಕನ್ನಡ ಹೈಸ್ಕೂಲಿಗೆ ಹೋದದ್ದರಿಂದ ಇವತ್ತು ಎರಡು ಅಕ್ಷರ ಬರೆಯುತ್ತಿದ್ದೇವೆ. ಆಕೆಯನ್ನು ಮುಂದೆ ಕಳಿಸಿರಲಿಲ್ಲ. ನಗರಸಭೆಯ ಕಾಗದವೆಲ್ಲ ಕನ್ನಡದಲ್ಲಿ. ಅದೂ ಕಚೇರಿಯ ಕನ್ನಡದಲ್ಲಿ. 'ಘಟನೋತ್ತರ ಮಂಜೂರಾತಿ' ಎಂದರೆ ಏನು ಎಂದು ಆ ಹುಡುಗಿ ಕೇಳಿದಳು. ಕೆಲಸ ಮೊದಲೇ ಮಾಡಿ, ದುಡ್ಡು ಖರ್ಚು ಮಾಡಿ, ಆಮೇಲೆ ಸಭೆಯ ಒಪ್ಪಿಗೆ ಕೇಳುವುದು ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಸಭೆ ಯಾಕೆ?' ಎಂದಳು. ಆ ಸಭೆಗೆ ತಾಯಿ ಮಗಳನ್ನು ಬಾಗಿಲ ತನಕ ಕರೆದುಕೊಂಡು ಹೋಗಿ, ಒಳಗೆ ಒಬ್ಬರೇ ಕೂತು, ನಮ್ಮ ಗಲ್ಲಿಯ ಪೈಪಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಎರಡು ತಿಂಗಳಲ್ಲಿ ಪೈಪು ಬದಲಾಯಿತು. ಮುಂದಿನ ಚುನಾವಣೆಯಲ್ಲಿ ಮೀಸಲಾತಿ ಬದಲಾಗಿ ವಾರ್ಡು ಸಾಮಾನ್ಯವಾಯಿತು, ಗಂಡನೇ ನಿಂತರು. 'ಆಪಾ ಒಳ್ಳೆಯ ಕೆಲಸ ಮಾಡಿದ್ದಾರೆ, ಅವರೇ ನಿಲ್ಲಲಿ' ಎಂದು ಆ ವರಾಂಡದಲ್ಲಿ ಒಬ್ಬರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಇದನ್ನು ತಪ್ಪೊಪ್ಪಿಗೆಯಾಗಿಯೇ ಬರೆಯುತ್ತಿದ್ದೇವೆ.

ಇಷ್ಟು ಹೊತ್ತು ಹೇಳಿದ್ದು ನಮ್ಮ ಗಲ್ಲಿಯಲ್ಲಿ ನಡೆಯುವ ಪ್ರಚಾರದ ಕಥೆ. ಅದು ಮುಗಿದ ಮೇಲೆ ಇನ್ನೊಂದು ಪ್ರಚಾರ ಇದೆ. ಅದಕ್ಕೆ ನಮ್ಮನ್ನು ಕರೆಯುವುದಿಲ್ಲ.

ಕರ್ನಾಟಕದಲ್ಲಿ 50 ಸಾವಿರದಿಂದ 3 ಲಕ್ಷದವರೆಗಿನ ಜನಸಂಖ್ಯೆಯ ಊರಿಗೆ ನಗರಸಭೆ, ಅದಕ್ಕೊಬ್ಬ ಅಧ್ಯಕ್ಷ. 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ, ಅದಕ್ಕೊಬ್ಬ ಮೇಯರ್. ಇವರನ್ನು ನಾವು ಆರಿಸುವುದಿಲ್ಲ. ನಾವು ಆರಿಸಿದ ಸದಸ್ಯರು ಆರಿಸುತ್ತಾರೆ. ಶಾಸಕರು ಮತ್ತು ಸಂಸದರಿಗೂ ಅಲ್ಲಿ ಮತ ಇದೆ. ಉತ್ತರ ಪ್ರದೇಶದ ಜನ 2023ರಲ್ಲಿ ತಮ್ಮ ಮೇಯರುಗಳನ್ನು ನೇರವಾಗಿ ತಾವೇ ಆರಿಸಿದರು. ನಮ್ಮಲ್ಲಿ ಮೇಯರ್ ಹುದ್ದೆಯ ಪ್ರಚಾರ ನಡೆಯುವುದು ಬೀದಿಯಲ್ಲಲ್ಲ, ರೆಸಾರ್ಟಿನಲ್ಲಿ. ಮತ ಎಣಿಕೆ ಮುಗಿದ ಮೇಲೆ ಸದಸ್ಯರು ಬಸ್ಸು ಹತ್ತುತ್ತಾರೆ. ಕೆಲವರ ಮೊಬೈಲು ಕಿತ್ತಿಟ್ಟುಕೊಳ್ಳುತ್ತಾರೆ. ಮತದಾನದ ದಿನ ಅದೇ ಬಸ್ಸಿನಲ್ಲಿ ನೇರ ಸಭಾಂಗಣಕ್ಕೆ ತಂದು ಇಳಿಸುತ್ತಾರೆ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ತಡೆಯಲು ಕರ್ನಾಟಕ 1987ರಲ್ಲೇ ಕಾಯ್ದೆ ಮಾಡಿದೆ. ಕಾಯ್ದೆಯೂ ಇದೆ, ಬಸ್ಸೂ ಇದೆ. ಹತ್ತು ದಿನದ ಹಿಂದೆ ನಮ್ಮ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಮನುಷ್ಯ ಯಾವ ಊರಿನ ಯಾವ ಕೊಠಡಿಯಲ್ಲಿದ್ದಾನೆ ಎಂಬುದು ಅವನ ಹೆಂಡತಿಗೂ ಗೊತ್ತಿರುವುದಿಲ್ಲ.

ಅಷ್ಟಾದರೂ ಬೇಗ ನಡೆದರೆ ಸಮಾಧಾನ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು, ಪಟಾಕಿ ಸಿಡಿಯಿತು. ಆಮೇಲೆ ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ಮೇಲೆ ತಕರಾರೆದ್ದು ವಿಷಯ ಹೈಕೋರ್ಟಿಗೆ ಹೋಯಿತು. ನಗರಸಭೆ, ಪುರಸಭೆಗಳಿಗೆ ಗೆದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರವಿಲ್ಲದೆ ಮನೆಯಲ್ಲಿ ಕೂತರು. ಊರು ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಕೊನೆಗೆ 2020ರ ಅಕ್ಟೋಬರ್‌ನಲ್ಲಿ ಪಟ್ಟಿ ಹೊರಬಂದಾಗ, ಹಾಸನ ನಗರಸಭೆಯಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಹೆಚ್ಚು ಸ್ಥಾನ ಗೆದ್ದಿದ್ದ ಜೆಡಿಎಸ್‌ನಲ್ಲಿ ಆ ವರ್ಗದ ಸದಸ್ಯರಿರಲಿಲ್ಲ. ಆಗ ರಾಜ್ಯವನ್ನು ಆಳುತ್ತಿದ್ದ ಬಿಜೆಪಿಯಲ್ಲಿದ್ದರು, ಅವರೇ ಅಧ್ಯಕ್ಷರಾದರು. ಪರಿಶಿಷ್ಟರು ಅಧ್ಯಕ್ಷರಾಗಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಯಾವ ಊರಿಗೆ ಯಾವ ಸರದಿ ಎಂಬುದು ಜನ ಮತ ಹಾಕುವ ಮುಂಚೆಯೇ ಗೋಡೆಯ ಮೇಲೆ ಇರಬೇಕು. ಯಾರು ಎಷ್ಟು ಗೆದ್ದರು ಎಂದು ನೋಡಿಕೊಂಡು ಸರದಿ ಬರೆಯಲು ಅವಕಾಶವಿದ್ದರೆ, ಮೀಸಲಾತಿಯ ಹೆಸರು ಕೆಡುತ್ತದೆ, ಮತದ ಬೆಲೆಯೂ ಕೆಡುತ್ತದೆ.

ಒಂದೇ ಪಕ್ಷವನ್ನು ದೂರಿ ಪ್ರಯೋಜನವಿಲ್ಲ. ಆ ಎರಡು ವರ್ಷದಲ್ಲಿ ಮೊದಲು ಕಾಂಗ್ರೆಸ್ ಮತ್ತು ಜೆಡಿಎಸ್‌ನ ಸಮ್ಮಿಶ್ರ ಸರ್ಕಾರವಿತ್ತು, ನಂತರ ಬಿಜೆಪಿ ಸರ್ಕಾರ. 2023ರಲ್ಲಿ ಮೊದಲ ಮೂವತ್ತು ತಿಂಗಳ ಅವಧಿ ಮುಗಿದಾಗ ಕಾಂಗ್ರೆಸ್ ಬಂದಿತ್ತು. ಎರಡನೆಯ ಅವಧಿಯ ಪಟ್ಟಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಿಲ್ಲ. ಮೈಸೂರು, ಶಿವಮೊಗ್ಗ ಪಾಲಿಕೆಗಳ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. 2024ರ ವರ್ಷ ಪೂರ್ತಿ ಅಲ್ಲಿ ಚುನಾಯಿತ ಮಂಡಳಿಯೂ ಇಲ್ಲ, ಮೇಯರೂ ಇಲ್ಲ. ಐದು ವರ್ಷ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಯಾವ ಸರ್ಕಾರವೂ ಕೇಳಿಸಿಕೊಳ್ಳಲಿಲ್ಲ.

2020 ಎಂದರೆ ಯಾವ ವರ್ಷ ಎಂದು ಓದುಗರು ನೆನಪಿಸಿಕೊಳ್ಳಲಿ. ಕೋವಿಡ್‌ನ ಮೊದಲ ಅಲೆ. ಈ ನೂರಾರು ಊರುಗಳಿಗೆ ಆಗ ಗೆದ್ದ ಸದಸ್ಯರಿದ್ದರು, ಕರೆಯಲು ಒಂದು ಸಭೆ ಇರಲಿಲ್ಲ. ಗಲ್ಲಿಗೆ ಬಿದಿರು ಕಟ್ಟಿ ಸೀಲ್‌ಡೌನ್ ಮಾಡಿದಾಗ ಹಾಲು, ಔಷಧ, ನೀರಿನ ಟ್ಯಾಂಕರ್ ಯಾರನ್ನು ಕೇಳಬೇಕು ಎಂದು ಗೊತ್ತಿರಲಿಲ್ಲ. ಹೆಣಗಳನ್ನು ದಫನ ಮಾಡಿದವರು ಮೊಹಲ್ಲಾದ ಹುಡುಗರು. ಹಿಂದೂ ಕುಟುಂಬದವರು ಬರಲು ಹೆದರಿದಾಗ ಆ ಹೆಣಗಳನ್ನೂ ಸ್ಮಶಾನಕ್ಕೆ ಒಯ್ದರು. ಪೌರಕಾರ್ಮಿಕರು ಕೈಗವಸಿಲ್ಲದೆ ಕಸ ಎತ್ತಿದರು. ಆ ಎರಡು ವರ್ಷ 'ನಾವು ಆರಿಸಿದ ನಗರಸಭೆ ಎಲ್ಲಿ?' ಎಂದು ನಮ್ಮ ಊರಿನಲ್ಲಿ ಒಂದು ಮೆರವಣಿಗೆಯೂ ಹೊರಡಲಿಲ್ಲ. ಎಲ್ಲಿಂದ ಹೊರಡಬೇಕು? ನಾವು ನಗರಸಭೆಯನ್ನು ಕೇಳಿಯೇ ಇರಲಿಲ್ಲ. ಗೇಟು ಕೇಳಿದ್ದೆವು, ಅದು ಬಂದಿತ್ತು. ಇಲ್ಲದ್ದರ ಕೊರತೆ ತಿಳಿಯಬೇಕಾದರೆ ಅದು ತನ್ನದು ಎಂದು ಮೊದಲು ಅನ್ನಿಸಿರಬೇಕು.

ಹಾಗಾದರೆ ಏನು ಮಾಡಬೇಕು? ದೊಡ್ಡ ಕ್ರಾಂತಿಯ ಮಾತು ನಮ್ಮಲ್ಲಿಲ್ಲ. ಮುಂದಿನ ಸಲ ಮೈಕಿನ ಆಟೋ ಗಲ್ಲಿಗೆ ಬಂದಾಗ ಕೇಳಲು ಮೂರು ಪ್ರಶ್ನೆಗಳಿವೆ.

ಮೊದಲನೆಯದು ಹಳೆಯ ಸದಸ್ಯರಿಗೆ. ಐದು ವರ್ಷದಲ್ಲಿ ಎಷ್ಟು ಸಭೆಗೆ ಹೋದಿರಿ, ನಮ್ಮ ವಾರ್ಡಿನ ಬಗ್ಗೆ ಏನು ಕೇಳಿದಿರಿ? ಅವರು ಹೇಳದಿದ್ದರೂ ನಡವಳಿ ಪುಸ್ತಕ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಒಂದು ಅರ್ಜಿ ಸಾಕು. ಮೊಹಲ್ಲಾದಲ್ಲಿ ಡಿಗ್ರಿ ಓದಿ ಮೊಬೈಲು ತಿರುಗಿಸುತ್ತ ಕೂತ ಹುಡುಗ ಹುಡುಗಿಯರು ಇದ್ದಾರೆ. ಈ ಕೆಲಸ ಅವರದು. ಬಂದ ಉತ್ತರವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಗಲ್ಲಿಯ ಮೂಲೆಯಲ್ಲಿ ಅಂಟಿಸಲಿ.

ಎರಡನೆಯದು ಹೊಸ ಅಭ್ಯರ್ಥಿಗೆ. 18 ಕೆಲಸಗಳಲ್ಲಿ ನಮ್ಮ ವಾರ್ಡಿಗೆ ಯಾವ ಮೂರನ್ನು ಮಾಡುತ್ತೀರಿ, ಅದಕ್ಕೆ ದುಡ್ಡು ಬಜೆಟ್ಟಿನ ಯಾವ ಬಾಬತ್ತಿನಿಂದ ಬರುತ್ತದೆ? ಉತ್ತರ ಬಾರದಿದ್ದರೆ ಹಾರ ಹಾಕಬೇಡಿ. ಈ ಪ್ರಶ್ನೆ ಕೇಳುವ ಸಭೆ ವರಾಂಡದಲ್ಲಿ ಅಲ್ಲ, ನಲ್ಲಿಯ ಹತ್ತಿರ ನಡೆಯಲಿ. ಮೊದಲ ಸಾಲಿನಲ್ಲಿ ಕೊಡ ಹೊರುವವರು ಕೂರಲಿ. ರಸ್ತೆಯ ಆ ಕಡೆಯ ವಾರ್ಡಿನವರನ್ನೂ ಕರೆಯಿರಿ. ಅವರ ಚರಂಡಿಯೂ ಅದೇ.

ಮೂರನೆಯದು ಎಲ್ಲ ಪಕ್ಷಗಳಿಗೆ. ನಿಮ್ಮ ಅಧ್ಯಕ್ಷ ಅಭ್ಯರ್ಥಿ ಯಾರು? ಮೀಸಲಾತಿಯ ಸರದಿ ಯಾಕೆ ಮೊದಲೇ ಪ್ರಕಟವಾಗಿಲ್ಲ? ನಮ್ಮ ಸದಸ್ಯನನ್ನು ಬಸ್ಸು ಹತ್ತಿಸುವುದಿಲ್ಲ ಎಂದು ಇಲ್ಲಿ, ನಮ್ಮೆದುರು ಹೇಳುತ್ತೀರಾ?

ಮೊಹಲ್ಲಾದ ಹಿರಿಯರಿಗೆ ನಮ್ಮ ವಿನಂತಿ ಒಂದೇ. ನೀವು ನಮಗೆ ದೊಡ್ಡವರು. ನಮ್ಮ ಮದುವೆಗೆ ಸಾಕ್ಷಿ ಹಾಕಿದ್ದೀರಿ, ನಮ್ಮ ತಂದೆ ತಾಯಿಗೆ ಹಿಡಿ ಮಣ್ಣು ಹಾಕಿದ್ದೀರಿ. ಇನ್ನು ನಮ್ಮ ವೋಟನ್ನು ನೀವು ಕೊಡಬೇಡಿ. ಅದು ಪ್ರತಿಯೊಬ್ಬರ ಬಳಿ ಇರುವ ಅಮಾನತ್. ಅಮಾನತನ್ನು ಇಟ್ಟುಕೊಂಡವರೇ ಲೆಕ್ಕ ಕೊಡಬೇಕೆಂದು ನಮಗೆ ಕಲಿಸಿದವರು ನೀವೇ ಅಲ್ಲವೇ?

ಚುನಾವಣೆ ಬಂದಾಗ ಐದನೆಯ ಸಲ ಗೋಡೆ ಮಂಜೂರಾಗುತ್ತದೆ, ಅದರಲ್ಲಿ ನಮಗೆ ಸಂಶಯವಿಲ್ಲ. ಅಭ್ಯರ್ಥಿ ಬರುತ್ತಾನೆ, ಖಬರಸ್ತಾನದ ದಿಕ್ಕಿಗೆ ಕೈ ತೋರಿಸುತ್ತಾನೆ. ಆಗ ಅವನ ಕೈ ಹಿಡಿದು ಆ ಗಲ್ಲಿಯಲ್ಲಿ ಗೇಟಿನ ತನಕ ನಡೆಸಿಕೊಂಡು ಹೋಗಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಪಾಯಿಜಾಮವೋ ಪಂಚೆಯೋ, ಅವನೂ ಮೊಣಕಾಲಿಗೆ ಮಡಚಿಕೊಳ್ಳಲಿ. ಗೇಟು ತಲುಪಿದ ಮೇಲೆ ಗೋಡೆಯ ಮಾತು ಆಡೋಣ.